ಕಡಲಾಚೆಗೆ ಹೋದ ದಿಕ್ಕಿಲ್ಲದ ಮಕ್ಕಳು

ಗೋಕಾಕದ ಬಣ್ಣದ ಬೊಂಬೆಗಳನ್ನು ಕಂಡು ಮೆಚ್ಚದ ಕನ್ನಡಿಗರು ವಿರಳ. ಆ ಕಸಬಿನ ಮನೆತನಗಳಲ್ಲಿ ಹುಡುಗನು ತಂದೆಯ ಮಗ್ಗುಲಲ್ಲಿ ಕುಳಿತು ಕಟ್ಟಿಗೆಯನ್ನು ಕೆತ್ತುವುದನ್ನೂ ಬಣ್ಣ ಹಚ್ಚುವುದನ್ನೂ ಕಲಿತುಕೊಳ್ಳುತ್ತ ಬಂದಿದ್ದಾನೆ. ಕೈ ತಪ್ಪಿದರೆ ಗದರಿಸುವವರೂ ಹಸಿದರೆ ಉಣಬಡಿಸುವವರೂ ಅವನ ಬಳಿಯಲ್ಲಿಯೇ ಇರುತ್ತಾರೆ. ಇಂಗ್ಲೆಂಡ್ ದೇಶದಲ್ಲಿಯೂ ಹಿಂದೆ ಇದನ್ನು ಹೋಲುವ ಒಂದು ಪದ್ಧತಿಯಿತ್ತು. ಕರಾರು ಪತ್ರವನ್ನು ಬರೆದುಕೊಟ್ಟು ಹುಡುಗನನ್ನು ಕುಶಲನಾದ ಕಸಬುದಾರನ ಮನೆಯಲ್ಲಿ ಕೆಲವು ವರ್ಷ ಬಿಡುತ್ತಿದ್ದರು. ಒಡೆಯನು ಅವನಿಗೆ ಅನ್ನಬಟ್ಟೆಗಳನ್ನು ಕೊಟ್ಟು ವಿದ್ಯೆ ಕಲಿಸಬೇಕು. ಹುಡುಗನು ಅವನ ಮಾತು ಕೇಳಿ ದುಡಿಯಬೇಕು. ಇಂಥ ಹುಡುಗನಿಗೆ ಅಪ್ರೆಂಟಿಸ್ ಎಂದು ಹೆಸರು. ಈ ಸಾಧುವಾದ ಪದವು ದಿಕ್ಕಿಲ್ಲದ ಮಕ್ಕಳ ಸಂಗಡ ಕಡಲು ದಾಟಿದ ಮೇಲೆ ಯಾವ ಅರ್ಥವನ್ನು ತಾಳಿತು, ನಮ್ಮ ಬೆಳಗಾವಿ ಸೀಮೆಯವರೆಗೆ ಅದು ಹೇಗೆ ಬಂದು ಮುಟ್ಟಿತು ಎಂಬುದನ್ನು ಈಗ ವಿಚಾರಮಾಡೋಣ.

ಈ ಕಥೆ ಬಹಳ ಹಳೆಯದು. ೧೬೧೯ರಲ್ಲಿ ಲಂಡನ್ ನಗರದ ಅಧಿಕಾರಿಗಳು ಬೀದಿಯಲ್ಲಿ ಅಲೆಯುತ್ತಿದ್ದ ಸುಮಾರು ೧೦೦ ಮಂದಿ ಬಡಮಕ್ಕಳನ್ನು ಅಮೆರಿಕ ಖಂಡದ ವರ್ಜೀನಿಯ ವಸಾಹತಿಗೆ ಅಪ್ರೆಂಟಿಸರನ್ನಾಗಿ ಕಳುಹಿಸಿದರು. ಮರುವರ್ಷ ಇನ್ನೊಂದು ತಂಡವನ್ನು ಸಿದ್ಧಪಡಿಸಿದಾಗ ಕೆಲವು ಮಕ್ಕಳು ಹೋಗಲು ಒಪ್ಪಲಿಲ್ಲ. ಆಗ ರಾಜನ ಮಂತ್ರಾಲೋಚನ ಸಭೆಯು, ಮಕ್ಕಳು ಒಪ್ಪದಿದ್ದರೂ ಅವರನ್ನು ಹಡಗು ಹತ್ತಿಸಬಹುದೆಂದು ಅಪ್ಪಣೆ ಮಾಡಿತು. ಕರಾರೆಂದರೆ ಇಬ್ಬರ ಒಪ್ಪಿಗೆ. ಇಲ್ಲಿ ಒಬ್ಬರ ಒಪ್ಪಿಗೆಯೇ ಸಾಕಾಯಿತೆಂಬುದನ್ನು ಗಮನಿಸಬೇಕು.

ಇನ್ನೂರು ವರ್ಷಗಳ ತರುವಾಯ, ೧೮೩೦ರಲ್ಲಿ, ನೌಕಾಸೈನ್ಯದ ಕ್ಯಾಪ್ಟನ್ ಎಡ್ವರ್ಡ್ ಪೆಲ್ಹಂ ಬ್ರೆಂಟನ್ ಎಂಬಾತನು ಲಂಡನ್ನಿನಲ್ಲಿ ಒಂದು ಸಂಘವನ್ನು ಸ್ಥಾಪಿಸಿದನು. ಮುಂದೆ ಅದಕ್ಕೆ ಮಕ್ಕಳ ಮಿತ್ರ ಸಂಘವೆಂಬ ಅರ್ಥದ ಹೆಸರು ಬಂದಿತು. ಆತನ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಅನ್ನವಿಲ್ಲದೆ ಸಣ್ಣಪುಟ್ಟ ಕಳವು ಮಾಡಿದ ಹುಡುಗರನ್ನು ಸೆರೆಮನೆಗೆ ನೂಕುತ್ತಿದ್ದ ಕಾಲವದು. ಹಾಗೆ ನೂಕುವುದಕ್ಕಿಂತ ಅವರಿಗೆ ದುಡಿಮೆ ಕಲಿಸುವುದು ಮೇಲೆಂದು ಆತನು ವಾದಿಸಿದನು. ಸಂಘವು ಹುಡುಗರಿಗೆ ಲಂಡನ್ನಿನ ಹೊರವಲಯದ ಹ್ಯಾಕ್ನಿ ವಿಕ್ ಎಂಬಲ್ಲಿ ತರಪೇತು ಕೊಟ್ಟು, ೧೮೩೩ರಿಂದ ಅವರನ್ನು ದಕ್ಷಿಣ ಆಫ್ರಿಕದ ಕೇಪ್ ವಸಾಹತಿಗೆ ಕಳುಹಿಸಲಾರಂಭಿಸಿತು. ಕೆಲವೇ ವರ್ಷಗಳಲ್ಲಿ ಹೀಗೆ ಹೋದ ಮಕ್ಕಳು ಏಳುನೂರಕ್ಕೆ ಮೀರಿದರು.

ಅಲ್ಲಿಯ ರೈತರು ಈ ಮಕ್ಕಳನ್ನು ಕೈನೀಡಿ ಕರೆದುಕೊಂಡುದಕ್ಕೆ ಕಾರಣವಿತ್ತು. ೧೮೩೪ರಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಬಹುಭಾಗದಲ್ಲಿ ಗುಲಾಮಗಿರಿ ರದ್ದಾಯಿತು. ಕೇಪಿನಲ್ಲಿ ಬಿಡುಗಡೆ ಹೊಂದಿದ ಗುಲಾಮರೂ ಒಡನೆಯೇ ಸ್ವತಂತ್ರರಾಗಲಿಲ್ಲ. ಮತ್ತೆ ನಾಲ್ಕು ವರ್ಷ, ೧೮೩೮ರ ಡಿಸೆಂಬರ್ ೧ರವರೆಗೆ, ಹಳೆಯ ಒಡೆಯರಲ್ಲಿಯೇ ದುಡಿಯಬೇಕೆಂದು ಕಾಯಿದೆಯಾಯಿತು. ಆ ನಾಲ್ಕು ವರ್ಷ ಅವರಿಗಿದ್ದ ಹೆಸರೂ ಅಪ್ರೆಂಟಿಸ್ ಎಂಬುದೇ. ಹೊಲಗೆಲಸವನ್ನು ಹುಟ್ಟಿನಿಂದ ಬಲ್ಲ ಮುದುಕನೂ ಲಂಡನ್ನಿನಿಂದ ಬಂದ ಹತ್ತು ಹನ್ನೆರಡು ವರ್ಷದ ಬಾಲಕನೂ ಒಂದೇ ಹೆಸರಿನಡಿಯಲ್ಲಿ ನಿಂತರು. ಕಲಿಯುವುದು, ಕಲಿಸುವುದು ಎಂಬ ಮಾತು ಅಲ್ಲಿ ಕಾಗದದ ಮೇಲೆ ಉಳಿಯಿತು. ದುಡಿಸುವ ಹಕ್ಕು ಒಡೆಯನ ಕೈಯಲ್ಲಿ ಉಳಿಯಿತು.

೧೮೩೯ರಲ್ಲಿ, ಮಕ್ಕಳಿಗೆ ಅಲ್ಲಿ ಹೊಡೆತ ಬಡಿತಗಳಾಗುತ್ತಿವೆ, ಅವರನ್ನು ಗುಲಾಮರಂತೆ ನಡೆಸಿಕೊಳ್ಳಲಾಗುತ್ತಿದೆ ಎಂಬ ದೂರುಗಳು ಲಂಡನ್ನಿನ ಪತ್ರಿಕೆಗಳಲ್ಲಿ ಪ್ರಕಟವಾದುವು. ಕೇಪಿನ ಗವರ್ನರನು ವಿಚಾರಣೆಗೆ ಆಜ್ಞೆಮಾಡಿದನು. ಅದೇ ವರ್ಷ ಬ್ರೆಂಟನ್ ತೀರಿಕೊಂಡನು. ಸ್ವಲ್ಪ ಕಾಲದಲ್ಲಿಯೇ ಸಂಘವೂ ಮುಚ್ಚಿಹೋಯಿತು. ಮೊದಲ ಮಕ್ಕಳು ಹೋದುದು ೧೮೩೩ರಲ್ಲಿ, ಸರ್ಕಾರವು ಅವರ ಸ್ಥಿತಿಯನ್ನು ಊರೂರಿನಲ್ಲಿ ವಿಚಾರಿಸಹೊರಟುದು ೧೮೩೯ರಲ್ಲಿ. ನಡುವಣ ಆರು ವರ್ಷಗಳಲ್ಲಿ ಹತ್ತು ವರ್ಷದ ಹುಡುಗನು ಹದಿನಾರರ ಯುವಕನಾಗಿರುತ್ತಾನೆ. ಅವನ ಬಾಲ್ಯ ಯಾರೂ ವಿಚಾರಿಸುವ ಮೊದಲೇ ಮುಗಿದಿರುತ್ತದೆ.

ಈ ಪಾಠದಿಂದ ಲೋಕವು ಕಲಿಯಿತೆಂದು ಹೇಳುವಂತಿಲ್ಲ. ೧೮೬೯ರಲ್ಲಿ ಮರಿಯ ರೈ ಎಂಬಾಕೆಯು ಬಡ ಬಾಲಿಕೆಯರನ್ನು ಕೆನಡಕ್ಕೆ ಕರೆದೊಯ್ದಳು. ಮುಂದಿನ ಸುಮಾರು ಏಳು ದಶಕಗಳಲ್ಲಿ ಹೀಗೆ ಕೆನಡ ಸೇರಿದ ಬ್ರಿಟಿಷ್ ಮಕ್ಕಳು ಒಂದು ಲಕ್ಷದಷ್ಟು. ಹುಡುಗರು ಹೊಲಕ್ಕೆ, ಹುಡುಗಿಯರು ಮನೆಗೆಲಸಕ್ಕೆ. ಸರ್ಕಾರವು ಕಳುಹಿಸಿದ ಆಂಡ್ರೂ ಡಾಯ್ಲ್ ಎಂಬ ಅಧಿಕಾರಿಯು ಕೆನಡದಲ್ಲಿ ಸಂಚರಿಸಿ ೧೮೭೫ರಲ್ಲಿ ವರದಿಯನ್ನೊಪ್ಪಿಸಿದನು. ಮಗುವನ್ನು ಮನೆಯೊಂದಕ್ಕೆ ಒಪ್ಪಿಸಿದ ಮೇಲೆ ಅದರ ಯೋಗಕ್ಷೇಮವನ್ನು ಹೋಗಿ ನೋಡುವ ವ್ಯವಸ್ಥೆಯೇ ಸಾಲದೆಂಬುದು ಆತನ ಮುಖ್ಯ ಆಕ್ಷೇಪಣೆ. ಆದರೂ ಹದಿನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳು ತಂದೆತಾಯಿಗಳಿಲ್ಲದೆ ಬರಕೂಡದೆಂದು ಕೆನಡ ನಿಯಮ ಮಾಡಿದುದು ೧೯೨೫ರಲ್ಲಿ, ಐವತ್ತು ವರ್ಷಗಳ ಅನಂತರ.

ಇನ್ನು ನಮ್ಮ ದೇಶದ ಕಡೆಗೆ ತಿರುಗೋಣ. ಭಾರತದ ಮಕ್ಕಳನ್ನು ಹಡಗಿನಲ್ಲಿ ಹೊರದೇಶಗಳಿಗೆ ಸಾಗಿಸಿ ಮಾರುವ ವ್ಯಾಪಾರ ಹದಿನೆಂಟನೆಯ ಶತಮಾನದಲ್ಲಿ ಎಷ್ಟು ಬೆಳೆದಿತ್ತೆಂದರೆ, ೧೭೮೯ರಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸನು ಅದನ್ನು ನಿಷೇಧಿಸಿ ಘೋಷಣೆ ಹೊರಡಿಸಬೇಕಾಯಿತು. ೧೮೩೪ರಿಂದ ಕರಾರಿನ ಕೂಲಿಗಳು ಮಾರಿಷಸ್ಸಿಗೆ ಹೋಗತೊಡಗಿದರು. ೧೮೬೦ರ ನವೆಂಬರಿನಲ್ಲಿ ಮದರಾಸಿನಿಂದ ನೆಟಾಲಿಗೆ ಮುಟ್ಟಿದ ಟ್ರೂರೋ ಹಡಗಿನ ೩೪೨ ಮಂದಿಯಲ್ಲಿ ಮಕ್ಕಳೂ ಇದ್ದರು. ದೂರದ ತೋಟಗಳಲ್ಲಿ ತಂದೆತಾಯಿಗಳು ಸತ್ತರೆ ಇಂಥ ಮಕ್ಕಳ ಗತಿಯೇನು? ಟ್ರಿನಿಡಾಡ್ ದ್ವೀಪದಲ್ಲಿ ೧೮೫೭ರಷ್ಟು ಹಿಂದೆಯೇ ಭಾರತೀಯ ಕೂಲಿಗಾರರ ಅನಾಥ ಮಕ್ಕಳಿಗೆಂದು ಒಂದು ಅನಾಥಾಲಯವನ್ನು ತೆರೆಯಬೇಕಾಯಿತೆಂಬುದೇ ಈ ಪ್ರಶ್ನೆಗೆ ಉತ್ತರ.

ಅಪ್ರೆಂಟಿಸ್ ಎಂಬ ಪದವು ಕಾಯಿದೆಯ ರೂಪದಲ್ಲಿ ಭಾರತಕ್ಕೆ ಬಂದುದು ೧೮೫೦ರಲ್ಲಿ. ಅದಕ್ಕೆ ಹದಿನಾಲ್ಕು ವರ್ಷ ಮೊದಲು, ೧೮೩೬ರಲ್ಲಿ, ಪಟವರ್ಧನರ ಕೈಯಲ್ಲಿದ್ದ ಗೋಕಾಕ ಸೀಮೆಯು ಕಂಪನಿ ಸರ್ಕಾರಕ್ಕೆ ಸೇರಿತ್ತು. ಆ ವರ್ಷದ ೧೯ನೆಯ ಕಾಯಿದೆಯ ಪ್ರಕಾರ ಹತ್ತು ವರ್ಷ ಮೀರಿದ, ಹದಿನೆಂಟು ತುಂಬದ ಮಗುವನ್ನು ಏಳು ವರ್ಷ ಮೀರದಂತೆ ಕರಾರಿನಲ್ಲಿ ಬಿಡಬಹುದಾಗಿತ್ತು. ಅನಾಥರು, ತಂದೆತಾಯಿಗಳು ತೊರೆದವರು, ಅಲೆಮಾರಿಗಳೆಂದು ಶಿಕ್ಷೆಗೊಳಗಾದವರು, ಇವರಿಗೆ ಮ್ಯಾಜಿಸ್ಟ್ರೇಟನೇ ಪೋಷಕನ ಸ್ಥಾನದಲ್ಲಿ ನಿಂತು ಸಹಿ ಹಾಕಬಹುದಾಗಿತ್ತು. ಹಡಗಿನ ಚಾಕರಿಗೂ ಹುಡುಗರನ್ನು ಹೀಗೆ ಒಪ್ಪಿಸಲು ಅವಕಾಶವಿತ್ತು. ಒಡೆಯನು ಹಿಂಸಿಸಿದರೆ ದೂರು ಕೊಡಬಹುದೆಂದು ಕಾಯಿದೆ ಹೇಳಿದುದು ನಿಜ. ಆದರೆ ನಡುಗಡಲಿನಲ್ಲಿರುವ ಬಾಲಕನು ಯಾವ ಕಚೇರಿಯ ಬಾಗಿಲು ತಟ್ಟಬೇಕು?

ದಿಕ್ಕಿಲ್ಲದ ಮಕ್ಕಳು ಹೇಗೆ ಹುಟ್ಟುತ್ತಾರೆಂಬುದನ್ನು ೧೮೭೬–೭೮ರ ಬರವು ಈ ಸೀಮೆಗೆ ತೋರಿಸಿತು. ಧಾತು ಸಂವತ್ಸರದಲ್ಲಿ ಮಳೆ ಕೈಕೊಟ್ಟಿತು. ಬೆಳಗಾವಿ ಜಿಲ್ಲೆಯ ಪಡುವಣ ಮಲೆಯ ಅಂಚು ಹೇಗೋ ತಾಳಿಕೊಂಡಿತು. ಗೋಕಾಕದಂಥ ಮೂಡಣ ಬಯಲುಸೀಮೆ ಬೆಂದಿತು. ಬರಗಾಲದ ಕಾಮಗಾರಿಗಳಲ್ಲಿ ಗಂಡಾಳಿಗೆ ಒಂದು ಪೌಂಡು ಧಾನ್ಯದ ಬೆಲೆ, ಮೇಲೆ ಒಂದಾಣೆ ಕೂಲಿ ಗೊತ್ತಾಯಿತು. ಮಕ್ಕಳಿಗೆ ಅದಕ್ಕಿಂತ ಕಡಮೆ. ೧೮೭೨ರಲ್ಲಿ ಒಂಬತ್ತು ಲಕ್ಷವನ್ನು ಮೀರಿದ್ದ ಜಿಲ್ಲೆಯ ಜನಸಂಖ್ಯೆಯು ೧೮೮೧ರ ಹೊತ್ತಿಗೆ ಎಂಟು ಲಕ್ಷ ಎಪ್ಪತ್ತು ಸಾವಿರಕ್ಕಿಂತ ಕೆಳಗಿಳಿಯಿತು. ಆ ೧೮೮೧ರಲ್ಲಿಯೇ ಬಂದ ಕಾರ್ಖಾನೆ ಕಾಯಿದೆಯು ಏಳು ವರ್ಷ ತುಂಬಿದ ಮಗುವನ್ನು ದಿನಕ್ಕೆ ಒಂಬತ್ತು ಗಂಟೆ ದುಡಿಸಬಹುದೆಂದು ಒಪ್ಪಿತು. ಗೋಕಾಕ ಜಲಪಾತದ ನೀರಿನ ಬಲದಿಂದ ನೂಲುವ ಗಿರಣಿಯ ಕಂಪನಿಯು ೧೮೮೫ರಲ್ಲಿ ಹುಟ್ಟಿದಾಗ ದೇಶದಲ್ಲಿದ್ದ ಬಾಲರಕ್ಷಣೆಯ ಎಲ್ಲೆ ಇಷ್ಟೇ.

ಈ ಎಲ್ಲ ಸಂಗತಿಗಳನ್ನು ಒಟ್ಟಿಗೆ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಮಕ್ಕಳನ್ನು ಕಳುಹಿಸಿದವರೆಲ್ಲರೂ ದುಷ್ಟರಲ್ಲ, ಅನೇಕರು ಕರುಣಾಳುಗಳೇ. ಅವರ ಕರುಣೆಯು ಬಂದರಿನವರೆಗೆ ಬಂದು ಅಲ್ಲಿ ನಿಂತಿತು. ಒಳ್ಳೆಯ ಉದ್ದೇಶ, ಒಳ್ಳೆಯ ಹೆಸರು, ಮುದ್ರೆಯೊತ್ತಿದ ಕರಾರು, ಈ ಮೂರೂ ಇದ್ದು, ಹೋಗಿ ನೋಡುವವರಿಲ್ಲದಿದ್ದರೆ ಮಗುವು ಆಳಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಸಾಲಕ್ಕಾಗಿ ಜೀತಕ್ಕಿಟ್ಟ ಹುಡುಗನ ಕಥೆಯೂ ಇದರಿಂದ ದೂರವಾದುದಲ್ಲ.

ಮಕ್ಕಳನ್ನು ಕಡಲಾಚೆಗೆ ಒಯ್ದುದರ ಬಗ್ಗೆ ೨೦೦೯ರಲ್ಲಿ ಆಸ್ಟ್ರೇಲಿಯದ ಪ್ರಧಾನಿಯೂ ೨೦೧೦ರಲ್ಲಿ ಬ್ರಿಟನ್ನಿನ ಪ್ರಧಾನಿಯೂ ಬಹಿರಂಗವಾಗಿ ಕ್ಷಮೆ ಬೇಡಿದರು. ಕ್ಷಮೆಯನ್ನು ಕೇಳಲು ಬದುಕಿದ್ದವರು ವೃದ್ಧರಾಗಿದ್ದರು. ಇತ್ತ ಘಟಪ್ರಭೆಯ ನೀರನ್ನು ಗೋಕಾಕದ ಕಾಲುವೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಹೊಲಗಳಿಗೆ ತಿರುಗಿಸತೊಡಗಿತು. ಸ್ವಾತಂತ್ರ್ಯಾನಂತರ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ದೊಡ್ಡ ಕಟ್ಟೆಯೆದ್ದಿತು. ಗೋಕಾಕ ಮೂಡಲಗಿಗಳ ಬಯಲಿನಲ್ಲಿ ಇಂದು ಕಬ್ಬು ನಿಂತಿದೆ. ಮಗುವನ್ನು ಊರಿನಿಂದ ಕೀಳದೆ ಊರಿಗೆ ನೀರು ತರುವುದೂ ಒಂದು ಅನಾಥರಕ್ಷಣೆಯೇ. ಆ ದಾರಿ ನಿಧಾನವಾದುದು, ವೆಚ್ಚದ್ದು; ಆದರೆ ಅದರಲ್ಲಿ ಮಗುವು ತನ್ನ ಹೆಸರು ಹಿಡಿದು ಕೂಗುವವರ ನಡುವೆ ಬೆಳೆಯುತ್ತದೆ.