ಫಂಕ್ಷನಲ್ ಭಾಷೆಗಳ ಕಂಪೈಲರ್‌ಗಳಲ್ಲಿ ಸಂಖ್ಯೆಯ ನಿರೂಪಣೆ: ಮ್ಯಾಕ್‌ಲಿಸ್ಪ್‌ನಿಂದ ಆಕ್ಸ್‌ಕ್ಯಾಮಲ್‌ವರೆಗೆ

ಫಂಕ್ಷನಲ್ ಭಾಷೆಯಲ್ಲಿ ಒಮ್ಮೆ ಬರೆದ ಫಂಕ್ಷನ್ ಪೂರ್ಣಾಂಕಗಳ ಪಟ್ಟಿಯನ್ನೂ ದಶಮಾಂಶ ಸಂಖ್ಯೆಗಳ ಪಟ್ಟಿಯನ್ನೂ ಪಟ್ಟಿಗಳದೇ ಪಟ್ಟಿಯನ್ನೂ ಹಿಂದುಮುಂದಾಗಿಸಿ ಕೊಡುತ್ತದೆ. ಇದಕ್ಕೆ ಎಲ್ಲ ಮೌಲ್ಯಗಳೂ ಮೆಮೊರಿಯಲ್ಲಿ ಒಂದೇ ಅಳತೆಯ ಜಾಗ ಹಿಡಿಯಬೇಕು. ಎಲ್ಲಕ್ಕಿಂತ ಸುಲಭದ ದಾರಿಯೆಂದರೆ ಪ್ರತಿ ಮೌಲ್ಯವನ್ನೂ ಹೀಪ್‌ನಲ್ಲಿ ಒಂದು ಪೆಟ್ಟಿಗೆಯೊಳಗಿಟ್ಟು, ಉಳಿದೆಡೆಯೆಲ್ಲ ಅದರ ಪಾಯಿಂಟರನ್ನಷ್ಟೇ ಬಳಸುವುದು. ಗಾರ್ಬೇಜ್ ಕಲೆಕ್ಟರ್‌ಗೂ ಇದರಿಂದ ಅನುಕೂಲ. ಹೊರೆಯೆಲ್ಲ ಬೀಳುವುದು ಅಂಕಗಣಿತದ ಮೇಲೆ. ಪ್ರೊಸೆಸರ್ ಒಂದೇ ಸೂಚನೆಯಲ್ಲಿ ಮುಗಿಸುವ ಕೂಡುವಿಕೆಗೆ ಎರಡು ಪೆಟ್ಟಿಗೆ ತೆರೆದು, ಮೂರನೆಯದನ್ನು ಹೊಸದಾಗಿ ಕಟ್ಟಬೇಕಾಗುತ್ತದೆ. ಈ ಹೊರೆ ಇಳಿಸಲು ಬಿಡಿಸಬೇಕಾದ ಪ್ರಶ್ನೆ ಒಂದೇ: ಮೆಮೊರಿಯ ಒಂದು ಪದದಲ್ಲಿರುವುದು ಸಂಖ್ಯೆಯೋ ಪಾಯಿಂಟರೋ ಎಂಬ ತಿಳಿವನ್ನು ಎಲ್ಲಿ ಇಡಬೇಕು?

ಈ ಪ್ರಶ್ನೆ ಮೊದಲು ಎದುರಾದದ್ದು ಲಿಸ್ಪ್‌ಗೆ. ಜಾನ್ ಮೆಕಾರ್ಥಿ 1958ರಲ್ಲಿ ಎಂಐಟಿಯಲ್ಲಿ ಈ ಭಾಷೆಯ ಕೆಲಸ ಆರಂಭಿಸಿದಾಗ ಅದರ ಗುರಿ ಸಂಕೇತಗಳ ಸಂಸ್ಕರಣೆ. ಅಂಕಗಣಿತದ ವೇಗ ದೊಡ್ಡ ವಿಷಯವಾಗಿರಲಿಲ್ಲ. ಅದೇ ಸಂಸ್ಥೆಯಲ್ಲಿ ಮ್ಯಾಕ್ಸಿಮಾ ಎಂಬ ಬೀಜಗಣಿತ ವ್ಯವಸ್ಥೆ ಬೆಳೆದ ಮೇಲೆ ಲೆಕ್ಕ ಬದಲಾಯಿತು. ಅದಕ್ಕೆ ಆಧಾರವಾಗಿದ್ದ ಮ್ಯಾಕ್‌ಲಿಸ್ಪ್ ಅಂಕಗಣಿತದಲ್ಲೂ ಚುರುಕಾಗಬೇಕಿತ್ತು. ಅಲ್ಲಿ ಕಂಡುಕೊಂಡ ಉಪಾಯಗಳನ್ನು ಗೈ ಸ್ಟೀಲ್ 1977ರ ಎರಡು ಪ್ರಬಂಧಗಳಲ್ಲಿ ವಿವರಿಸಿದರು.

ಮ್ಯಾಕ್‌ಲಿಸ್ಪ್ ಓಡುತ್ತಿದ್ದ ಪಿಡಿಪಿ-10 ಯಂತ್ರದ ಪದ 36 ಬಿಟ್, ವಿಳಾಸ 18 ಬಿಟ್. ಒಂದು ಪದದಲ್ಲಿ ಎರಡು ಪಾಯಿಂಟರ್ ತುಂಬಿದರೆ ವಿಧದ ಗುರುತಿಗೆ ಒಂದು ಬಿಟ್ಟೂ ಮಿಗದು. ಆದ್ದರಿಂದ ಮ್ಯಾಕ್‌ಲಿಸ್ಪ್ ಆ ಗುರುತನ್ನು ವಿಳಾಸದಲ್ಲೇ ಅಡಗಿಸಿತು. ಮೆಮೊರಿಯನ್ನು ಪುಟಗಳಾಗಿ ವಿಂಗಡಿಸಿ ಒಂದು ಪುಟದಲ್ಲಿ ಒಂದೇ ವಿಧದ ಮೌಲ್ಯಗಳನ್ನಿಟ್ಟರೆ, ವಿಳಾಸದ ಮೇಲ್ಭಾಗದ ಬಿಟ್‌ಗಳಿಂದ ಒಂದು ಕೋಷ್ಟಕ ನೋಡಿ ವಿಧ ಹೇಳಬಹುದು. ಇದರಿಂದ ಇನ್ನೊಂದು ಸೊಗಸಾದ ಉಪಾಯಕ್ಕೂ ದಾರಿಯಾಯಿತು. ನಡುವೆ ಹುಟ್ಟುವ ಸಂಖ್ಯೆಗಳನ್ನು ಹೀಪ್‌ನಲ್ಲಿಡದೆ, ಸಂಖ್ಯೆಗಳಿಗೆಂದೇ ಮೀಸಲಾದ ಸ್ಟ್ಯಾಕ್‌ನಲ್ಲಿಟ್ಟು ಆ ಸ್ಥಳದ ಪಾಯಿಂಟರನ್ನೇ ಮುಂದೆ ಕೊಡಬಹುದಿತ್ತು. ಸ್ಟ್ಯಾಕ್‌ನ ಪುಟವೂ ಕೋಷ್ಟಕದಲ್ಲಿ ಸಂಖ್ಯೆಯ ಪುಟವೆಂದೇ ದಾಖಲಾಗಿದ್ದರಿಂದ ಕರೆಸಿಕೊಂಡ ಫಂಕ್ಷನ್‌ಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಆ ಪಾಯಿಂಟರನ್ನು ಬಹುಕಾಲ ಬಾಳುವ ರಚನೆಯೊಳಗೆ ಬರೆಯುವಾಗ ಮಾತ್ರ ಸಂಖ್ಯೆಯನ್ನು ಹೀಪ್‌ಗೆ ನಕಲು ಮಾಡಬೇಕಿತ್ತು. ಮುಂದಿನ ಕಂಪೈಲರ್‌ಗಳು ಮತ್ತೆ ಮತ್ತೆ ಎದುರಿಸಿದ ಪ್ರಶ್ನೆ, ಅಂದರೆ ಸಂಖ್ಯೆಯೊಂದು ತಾನು ಹುಟ್ಟಿದ ಜಾಗದಿಂದ ಆಚೆ ಹೋಗುತ್ತದೆಯೇ ಎಂಬುದು, ಇಲ್ಲಿಯೇ ಸ್ಪಷ್ಟ ರೂಪ ಪಡೆದಿದೆ.

ಎಂಎಲ್ ಕುಟುಂಬದ ಭಾಷೆಗಳಲ್ಲಿ ಗುರುತು ಪದದ ಕೊನೆಯ ಬಿಟ್‌ಗೆ ಬಂತು. ಹೀಪ್‌ನ ವಿಳಾಸಗಳು ಸದಾ ಸಮಸಂಖ್ಯೆಗಳು. ಆದ್ದರಿಂದ ಬೆಸ ಪದವೆಲ್ಲ ಪೂರ್ಣಾಂಕ ಎಂದು ನಿಯಮ ಮಾಡಬಹುದು. ಈ ಕುಟುಂಬದ ಒಕ್ಯಾಮಲ್ ಇಂದಿಗೂ ಹೀಗೆಯೇ ನಡೆಯುತ್ತದೆ. ಸಂಖ್ಯೆಯನ್ನು ದ್ವಿಗುಣಿಸಿ 1 ಕೂಡಿಸಿ ಇಡುವುದರಿಂದ 5 ಎಂಬುದು 11 ಆಗಿ, 7 ಎಂಬುದು 15 ಆಗಿ ಕೂರುತ್ತದೆ. ಇವೆರಡನ್ನು ಕೂಡಿದಾಗ ಬರುವ 26ರಿಂದ 1 ಕಳೆದರೆ 25, ಅಂದರೆ 12ರ ರೂಪ. ಪೆಟ್ಟಿಗೆಯೇ ಬೇಕಿಲ್ಲ. 64 ಬಿಟ್ ಯಂತ್ರದಲ್ಲಿ ಪೂರ್ಣಾಂಕಕ್ಕೆ 63 ಬಿಟ್ ಮಾತ್ರ ಉಳಿಯುವುದು ಇದರ ಬೆಲೆ. ದಶಮಾಂಶ ಸಂಖ್ಯೆಗೆ ಈ ಉಪಾಯ ಒದಗದು, ಏಕೆಂದರೆ ಅದಕ್ಕೆ 64 ಬಿಟ್ಟೂ ಬೇಕು. ಹೀಗಾಗಿ ಅದು ಪೆಟ್ಟಿಗೆಯಲ್ಲೇ ಉಳಿಯಿತು: 8 ಬೈಟ್‌ನ ಸಂಖ್ಯೆಗೆ 8 ಬೈಟ್‌ನ ತಲೆಬರಹ.

ಟೈಪ್‌ಗಳನ್ನು ಮೊದಲೇ ತಿಳಿದಿರುವ ಭಾಷೆಯಲ್ಲಿ ಓಡುವ ಹೊತ್ತಿನಲ್ಲಿ ಗುರುತು ಹೊರುವುದು ದಂಡವಲ್ಲವೇ? 1992ರಲ್ಲಿ ಸೇವಿಯೇ ಲೆರ್ವಾ ಮಂಡಿಸಿದ ವಿಧಾನದಲ್ಲಿ, ಟೈಪ್ ಖಚಿತವಿದ್ದೆಡೆ ಸಂಖ್ಯೆ ನೇರವಾಗಿ ರಿಜಿಸ್ಟರ್‌ನಲ್ಲಿರುತ್ತದೆ. ಬಹುರೂಪಿ ಫಂಕ್ಷನ್‌ಗೆ ಹೋಗುವಾಗ ಕಂಪೈಲರ್ ಅದನ್ನು ಪೆಟ್ಟಿಗೆಗೆ ಹಾಕಿ, ಮರಳುವಾಗ ತೆಗೆಯುತ್ತದೆ. ಆದರೆ ಪಟ್ಟಿಯೊಂದನ್ನು ಹೀಗೆ ಪರಿವರ್ತಿಸಲು ಇಡೀ ಪಟ್ಟಿಯನ್ನೇ ನಕಲು ಮಾಡಬೇಕು. ಆದ್ದರಿಂದ ಪಟ್ಟಿಯೊಳಗಿನ ಸಂಖ್ಯೆಗಳಿಗೆ ಪೆಟ್ಟಿಗೆ ತಪ್ಪಲಿಲ್ಲ. ರಾಬರ್ಟ್ ಹಾರ್ಪರ್ ಮತ್ತು ಗ್ರೆಗ್ ಮಾರಿಸೆಟ್ 1995ರಲ್ಲಿ ಬೇರೆ ದಾರಿ ಹಿಡಿದು, ಟೈಪನ್ನೇ ಓಡುವ ಹೊತ್ತಿನಲ್ಲಿ ಫಂಕ್ಷನ್‌ಗೆ ರವಾನಿಸಿದರು. ಎಂಎಲ್‌ಟನ್ ಕಂಪೈಲರ್ ಇಡೀ ಪ್ರೋಗ್ರಾಮನ್ನು ಒಟ್ಟಿಗೆ ಓದಿ, ಪ್ರತಿ ಟೈಪ್‌ಗೂ ಫಂಕ್ಷನ್‌ನ ಬೇರೆ ಪ್ರತಿ ತಯಾರಿಸಿ ಬಹುರೂಪತೆಯನ್ನೇ ಅಳಿಸಿಹಾಕಿತು. ಅದರ ಬೆಲೆ ಕಂಪೈಲ್ ಸಮಯದಲ್ಲಿ. ಲೆರ್ವಾ ಅವರೇ 1997ರಲ್ಲಿ ಈ ವಿಧಾನಗಳನ್ನು ಹೋಲಿಸಿ, ಟೈಪ್ ಆಧಾರಿತ ಯೋಜನೆಗಳು ಸರಳವಾದ ಸ್ಥಳೀಯ ವಿಶ್ಲೇಷಣೆಯನ್ನು ಖಚಿತವಾಗಿ ಮೀರಿಸುವುದಿಲ್ಲವೆಂದು ತೋರಿಸಿದರು. ಒಕ್ಯಾಮಲ್ ಆ ಸರಳ ದಾರಿಯಲ್ಲೇ ನಡೆಯಿತು. ತಮ್ಮದೇ ಸಿದ್ಧಾಂತವನ್ನು ಇಷ್ಟು ನಿಷ್ಠೆಯಿಂದ ಒರೆಗೆ ಹಚ್ಚಿದ ಆ ಪ್ರಬಂಧ ಈ ಇತಿಹಾಸದಲ್ಲಿ ವಿಶೇಷ ಗೌರವಕ್ಕೆ ಪಾತ್ರವಾದುದು.

ಹ್ಯಾಸ್ಕೆಲ್‌ನ ತೊಡಕು ಇನ್ನೂ ಆಳದ್ದು. ಅಲ್ಲಿನ ಮೌಲ್ಯ ಇನ್ನೂ ಲೆಕ್ಕ ಮಾಡದ ಹೇಳಿಕೆಯಾಗಿರಬಹುದು. ಆದ್ದರಿಂದ ಪೆಟ್ಟಿಗೆಯಲ್ಲಿರುವುದು ಸಂಖ್ಯೆಯೋ ಬಾಕಿ ಉಳಿದ ಕೆಲಸವೋ ಎಂಬುದೂ ತಿಳಿಯಬೇಕು. 1991ರಲ್ಲಿ ಸೈಮನ್ ಪೇಟನ್ ಜೋನ್ಸ್ ಮತ್ತು ಜಾನ್ ಲಾಂಚ್‌ಬರಿ ಇದಕ್ಕೆ ಕೊಟ್ಟ ಪರಿಹಾರ ಪೆಟ್ಟಿಗೆಯನ್ನು ಭಾಷೆಯೊಳಗೇ ಕಾಣಿಸುವುದು. ಹೆಸರಿನ ಕೊನೆಗೆ ಹ್ಯಾಶ್ ಚಿಹ್ನೆ ಹೊತ್ತ ಟೈಪ್ ಬರಿಯ ಯಂತ್ರಸಂಖ್ಯೆ. ಸಾಮಾನ್ಯ ಪೂರ್ಣಾಂಕವೆಂದರೆ ಅದನ್ನು ಒಳಗಿಟ್ಟುಕೊಂಡ ಮಾಮೂಲಿ ದತ್ತರಚನೆ. ಆಗ ಪೆಟ್ಟಿಗೆ ಕಟ್ಟುವುದೂ ತೆರೆಯುವುದೂ ಕಂಪೈಲರ್‌ಗೆ ಆಗಲೇ ಗೊತ್ತಿದ್ದ ಪರಿವರ್ತನೆಗಳ ಅಧೀನಕ್ಕೆ ಬಂದವು. 1ರಿಂದ ಹತ್ತು ಲಕ್ಷದವರೆಗೆ ಕೂಡುವ ಫಂಕ್ಷನ್ ತನ್ನ ಮೊತ್ತವನ್ನು ಖಂಡಿತ ಬಳಸುತ್ತದೆಂದು, ಅಲನ್ ಮೈಕ್ರಾಫ್ಟ್ 1980ರ ಸುಮಾರಿಗೆ ರೂಪಿಸಿದ ಸ್ಟ್ರಿಕ್ಟ್‌ನೆಸ್ ವಿಶ್ಲೇಷಣೆ ಕಂಡುಹಿಡಿಯುತ್ತದೆ. ಬಳಿಕ ಕಂಪೈಲರ್ ಆ ಫಂಕ್ಷನನ್ನು ಎರಡಾಗಿ ಸೀಳುತ್ತದೆ. ಹೊರಗಿನದು ಪೆಟ್ಟಿಗೆ ತೆರೆದು ಕೊಡುತ್ತದೆ. ಒಳಗಿನದು ರಿಜಿಸ್ಟರ್‌ಗಳಲ್ಲೇ ಸುತ್ತುತ್ತದೆ. ಹತ್ತು ಲಕ್ಷ ಪೆಟ್ಟಿಗೆಗಳ ಬದಲು ಕೊನೆಯಲ್ಲಿ ಒಂದು.

ಸಂಖ್ಯೆಗಳು ರಾಶಿಯಾಗಿ ಬಂದಾಗ ಅಂತರ ಇನ್ನೂ ಢಾಳಾಗಿ ಕಾಣುತ್ತದೆ. 64 ಬಿಟ್ ಯಂತ್ರದಲ್ಲಿ ಗ್ಲಾಸ್ಗೋ ಹ್ಯಾಸ್ಕೆಲ್ ಕಂಪೈಲರ್‌ನ ಪಟ್ಟಿಯ ಪ್ರತಿ ಕೊಂಡಿಗೆ ಮೂರು ಪದ, ಅದರ ಪೂರ್ಣಾಂಕಕ್ಕೆ ಎರಡು ಪದ, ಒಟ್ಟು 40 ಬೈಟ್. ಪೆಟ್ಟಿಗೆಯಿಲ್ಲದ ಸರಣಿಯಲ್ಲಿ ಅದೇ ಸಂಖ್ಯೆಗೆ 8 ಬೈಟ್ ಸಾಕು. ಒಕ್ಯಾಮಲ್ ದಶಮಾಂಶ ಸಂಖ್ಯೆಗಳ ಸರಣಿಯನ್ನು ವಿಶೇಷವಾಗಿ ಒತ್ತೊತ್ತಾಗಿ ಇಡುತ್ತದೆ. ಅದಕ್ಕಾಗಿ ಬಹುರೂಪಿ ಫಂಕ್ಷನ್‌ಗಳು ಸರಣಿಯನ್ನು ಮುಟ್ಟಿದಾಗಲೆಲ್ಲ ಅದರ ವಿಧ ಪರೀಕ್ಷಿಸಬೇಕು. ಸರಣಿಗಳ ಮಟ್ಟದಲ್ಲಿ ಫಂಕ್ಷನಲ್ ಭಾಷೆ ಫೋರ್ಟ್ರಾನ್‌ಗೆ ಸರಿಸಾಟಿಯಾಗಿ ನಿಲ್ಲಬಲ್ಲದೆಂದು ತೋರಿಸಿದ್ದು ಸಿಸಾಲ್ ಎಂಬ ಭಾಷೆ. ಅದರ ಕಂಪೈಲರ್ ಹಳೆಯ ಸರಣಿ ಮುಂದೆ ಬೇಕಿಲ್ಲವೆಂದು ಕಂಡುಕೊಂಡೆಡೆ ನಕಲು ಬಿಟ್ಟು ಅದೇ ಜಾಗದಲ್ಲಿ ಬರೆಯುತ್ತಿತ್ತು. ಫೋರ್ಟ್ರಾನ್ ನಿವೃತ್ತಿಯಾಗಬೇಕೇ ಎಂದು ಡೇವಿಡ್ ಕ್ಯಾನ್ 1992ರ ತಮ್ಮ ಲೇಖನದ ಶೀರ್ಷಿಕೆಯಲ್ಲೇ ಕೇಳಿದ್ದು ಈ ಬಲದಿಂದ.

ಹ್ಯಾಸ್ಕೆಲ್‌ನ 1991ರ ವಿನ್ಯಾಸದಲ್ಲಿ ಒಂದು ಕೊರತೆಯಿತ್ತು: ಟೈಪ್ ಚರದ ಜಾಗದಲ್ಲಿ ಪೆಟ್ಟಿಗೆಯಿಲ್ಲದ ಸಂಖ್ಯೆಯನ್ನು ಇಡುವಂತಿರಲಿಲ್ಲ. 2017ರಲ್ಲಿ ರಿಚರ್ಡ್ ಐಸೆನ್‌ಬರ್ಗ್ ಮತ್ತು ಪೇಟನ್ ಜೋನ್ಸ್ ಮೌಲ್ಯದ ಮೆಮೊರಿ ರೂಪವನ್ನು ಟೈಪ್‌ನ ಟೈಪ್‌ನಲ್ಲಿ, ಅಂದರೆ ಕೈಂಡ್‌ನಲ್ಲಿ, ಬರೆದು ಈ ನಿರ್ಬಂಧವನ್ನು ಕ್ರಮಬದ್ಧವಾಗಿ ಸಡಿಲಿಸಿದರು. ಜೇನ್ ಸ್ಟ್ರೀಟ್ ಸಂಸ್ಥೆ 2025ರಲ್ಲಿ ಆಕ್ಸ್‌ಕ್ಯಾಮಲ್ ಹೆಸರಿನಲ್ಲಿ ಪ್ರಕಟಿಸಿದ ಒಕ್ಯಾಮಲ್ ಕವಲಿನಲ್ಲೂ ಕೈಂಡ್‌ಗಳು ಮೌಲ್ಯದ ಮೆಮೊರಿ ರೂಪವನ್ನು ಹೇಳುತ್ತವೆ. ಅಲ್ಲಿ ದಶಮಾಂಶ ಸಂಖ್ಯೆಗೆ ಪೆಟ್ಟಿಗೆಯಿಲ್ಲದ ಪ್ರತ್ಯೇಕ ಟೈಪ್ ಇದೆ, ಅದನ್ನು ಸೂಚಿಸುವುದು ಹ್ಯಾಸ್ಕೆಲ್‌ನಂತೆಯೇ ಹ್ಯಾಶ್ ಚಿಹ್ನೆ. ಮಾಮೂಲಿ ಪೂರ್ಣಾಂಕ ಮಾತ್ರ ಅಲ್ಲೂ ಕೊನೆಯ ಬಿಟ್‌ನ ಗುರುತು ಹೊತ್ತೇ ಇದೆ.