ವಜ್ರದೊಳಗಿನ ಕಂಪನ: ಬೆಂಗಳೂರಿನ ರೋಹಿತಗಳು, 1942–45

ಅಣುವಿನ ಇಲೆಕ್ಟ್ರಾನು ಒಂದು ಶಕ್ತಿಮಟ್ಟದಿಂದ ಇನ್ನೊಂದಕ್ಕೆ ಹಾರುವಷ್ಟರಲ್ಲಿ ಭಾರದ ನ್ಯೂಕ್ಲಿಯಸ್ಸುಗಳು ಅಲುಗಿರುವುದೇ ಇಲ್ಲ. ಹಾರಿದ ಮೇಲೆ ಅವಕ್ಕೆ ಹಳೆಯ ಜಾಗ ಒಗ್ಗುವುದಿಲ್ಲ, ಕಂಪಿಸತೊಡಗುತ್ತವೆ. ಹಾಗಾಗಿ ರೋಹಿತದಲ್ಲಿ ಒಂದೇ ಗೆರೆ ಇರಬೇಕಾದಲ್ಲಿ ಗೆರೆಗಳ ಸಾಲೇ ಮೂಡುತ್ತದೆ. ಜೇಮ್ಸ್ ಫ್ರಾಂಕ್ 1925ರಲ್ಲಿ ಸೂಚಿಸಿದ ಈ ವಿಚಾರವನ್ನು ಎಡ್ವರ್ಡ್ ಕಾಂಡನ್ ಬೆಳೆಸಿದರು. ಇಲೆಕ್ಟ್ರಾನು, ನ್ಯೂಕ್ಲಿಯಸ್ಸುಗಳ ಚಲನೆಯನ್ನು ಬೇರ್ಪಡಿಸಿ ಲೆಕ್ಕ ಹಾಕುವ ದಾರಿಯನ್ನು 1927ರಲ್ಲಿ ಮ್ಯಾಕ್ಸ್ ಬಾರ್ನ್ ಮತ್ತು ಓಪನ್‌ಹೈಮರ್ ತೋರಿಸಿಕೊಟ್ಟರು.

ಜರ್ಮನಿಯಲ್ಲಿ ಹುದ್ದೆ ಕಳೆದುಕೊಂಡಿದ್ದ ಅದೇ ಬಾರ್ನ್, 1935–36ರಲ್ಲಿ ಭೌತವಿಜ್ಞಾನಿ ಸಿ.ವಿ. ರಾಮನ್ ಅವರ ಕರೆಯ ಮೇರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಅವರನ್ನು ಇಲ್ಲೇ ಉಳಿಸಿಕೊಳ್ಳಬೇಕೆಂಬ ರಾಮನ್ ಆಸೆ ಕೈಗೂಡಲಿಲ್ಲ. ಬಾರ್ನ್ ಎಡಿನ್‌ಬರೋಗೆ ಹೋದರು. ಮುಂದೆ ಇಬ್ಬರೂ ಹರಳುಗಳ ಕಂಪನದ ವಿಷಯದಲ್ಲೇ ಎದುರುಬದುರಾದರು. ಆ ಜಗಳಕ್ಕೆ ಬೆಂಗಳೂರು ಒದಗಿಸಿದ ಸಾಕ್ಷ್ಯ ವಜ್ರದ ಹೊಳಪಿನದು.

ನೇರಳಾತೀತ ಬೆಳಕು ಬಿದ್ದಾಗ ಕೆಲವು ವಜ್ರಗಳು ನೀಲಿಯಾಗಿ ಹೊಳೆಯುತ್ತವೆ. ಆ ರೋಹಿತದಲ್ಲಿ ಸುಮಾರು 415 ನ್ಯಾನೊಮೀಟರಿನಲ್ಲಿ ಒಂದು ಚೂಪಾದ ಗೆರೆ, ಅದರಾಚೆ ಕೆಂಪಿನ ಕಡೆಗೆ ಮಂಕು ಪಟ್ಟಿಗಳು. ಗೆರೆ ಇಲೆಕ್ಟ್ರಾನಿನದು; ಪಟ್ಟಿಗಳು ಅದು ಕೆಳಮಟ್ಟಕ್ಕೆ ಮರಳುವಾಗ ಸುತ್ತಲಿನ ಪರಮಾಣುಗಳ ಕಂಪನಕ್ಕೆ ಹಂಚಿಕೊಟ್ಟ ಶಕ್ತಿಯ ಗುರುತು. ರಾಮನ್ ಬಳಿ ಅಧ್ಯಯನಕ್ಕೆ ಸೇರಿದ್ದ ಅನ್ನಾ ಮಾಣಿ ಮೂವತ್ತಕ್ಕೂ ಹೆಚ್ಚು ವಜ್ರಗಳ ಪ್ರತಿದೀಪ್ತಿ, ಹೀರಿಕೆ, ರಾಮನ್ ರೋಹಿತಗಳನ್ನು ದಾಖಲಿಸಿದರು. ಹೊಳಪು ಎಷ್ಟು ಕ್ಷೀಣವೆಂದರೆ ಒಂದೊಂದು ಛಾಯಾಚಿತ್ರ ಫಲಕಕ್ಕೆ 15ರಿಂದ 20 ಗಂಟೆ ಬೆಳಕೂಡಬೇಕಿತ್ತು. ಅವರು ಎಷ್ಟೋ ರಾತ್ರಿ ಪ್ರಯೋಗಾಲಯದಲ್ಲೇ ಕಳೆದರು. 1942ರಿಂದ 1945ರ ನಡುವೆ ಒಬ್ಬರೇ ಬರೆದ ಐದು ಲೇಖನಗಳು ಹೊರಬಂದವು. ಎಂ.ಎಸ್ಸಿ. ಇಲ್ಲವೆಂಬ ಕಾರಣಕ್ಕೆ ಮದ್ರಾಸು ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಡಲಿಲ್ಲ. ನಿಯಮ ಪಾಲಿಸಿದ್ದಾಯಿತು, ಅಷ್ಟೇ.

ಹರಳಿನ ಕಂಪನಕ್ಕೆ ಬೆರಳೆಣಿಕೆಯ ಬಿಡಿಬಿಡಿ ಆವೃತ್ತಿಗಳಷ್ಟೇ ಇವೆ ಎಂಬುದು ರಾಮನ್ ವಾದ. ಅವು ಒಂದಕ್ಕೊಂದು ಅಂಟಿಕೊಂಡ ನಿರಂತರ ಶ್ರೇಣಿ ಎಂಬುದು ಬಾರ್ನ್ ಸಿದ್ಧಾಂತ. ಪಟ್ಟಿಗಳ ಶಿಖರಗಳನ್ನು ರಾಮನ್ ತಮ್ಮ ಪರವಾಗಿ ಓದಿದರು. ಹೊಳಪು ಶುದ್ಧ ವಜ್ರದ್ದೇ ಗುಣವೆಂದೂ ನಂಬಿದ್ದರು. ನನ್ನ ದೃಷ್ಟಿಯಲ್ಲಿ ಅವರು ಎಡವಿದ್ದು ಈ ಎರಡನೆಯ ನಂಬಿಕೆಯಲ್ಲಿ. ಹೊಳೆಯುವುದು ಯಾವ ಇಲೆಕ್ಟ್ರಾನು ಎಂದು ಕೇಳದೆ, ಅದು ತೋರಿಸಿದ ಕಂಪನವನ್ನು ಇಡೀ ಹರಳಿನ ಲೆಕ್ಕಕ್ಕೆ ಬರೆದುಕೊಂಡರು.

ವಜ್ರದಲ್ಲಿ ನೈಟ್ರೊಜನ್ ಬೆರೆತಿರುವುದನ್ನು 1959ರಲ್ಲಿ ಕೈಸರ್ ಮತ್ತು ಬಾಂಡ್ ತೋರಿಸಿದರು. 415ರ ಗೆರೆ ಬರುವುದು ಖಾಲಿ ಸ್ಥಾನವೊಂದನ್ನು ಸುತ್ತುವರಿದ ಮೂರು ನೈಟ್ರೊಜನ್ ಪರಮಾಣುಗಳಿಂದ. ಹರಳಿನೊಳಗೆ ಹುದುಗಿದ ಒಂದು ಅಣುವಿನಂತೆ ಅದು ವರ್ತಿಸುತ್ತದೆ. ತನಗೆ ತಾಗುವ ಕಂಪನಗಳನ್ನಷ್ಟೇ ಅದು ಎತ್ತಿ ತೋರಿಸುವುದರಿಂದ, ನಿರಂತರ ಶ್ರೇಣಿಯಿಂದಲೂ ಶಿಖರಗಳು ಏಳಬಲ್ಲವು. ಮಾಣಿಯವರ ಅಳತೆಗಳಿಗೆ ಇದರಿಂದ ಕುಂದೇನೂ ಬರಲಿಲ್ಲ. ನೈಸರ್ಗಿಕ ವಜ್ರವನ್ನು ಕೃತಕದಿಂದ ಬೇರ್ಪಡಿಸಲು ರತ್ನಪರೀಕ್ಷಕರ ಉಪಕರಣಗಳು ಇಂದಿಗೂ ಮೊದಲು ಹುಡುಕುವ ಗುರುತುಗಳಲ್ಲಿ ಅದೇ 415ರ ಗೆರೆಯೂ ಒಂದು.