ವ್ಯಕ್ತಿಯ ವಿಚಾರಣೆ, ಪ್ರಬಂಧದ ಹಿಂತೆಗೆತ: ಹಿಮಾಲಯದ ಪಳೆಯುಳಿಕೆ ಪ್ರಕರಣದ ಮರುಪರಿಶೀಲನೆ

1989ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯದ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಜಾನ್ ಟ್ಯಾಲೆಂಟ್ ‘ನೇಚರ್’ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ವಿ. ಜೆ. ಗುಪ್ತಾ ಹಿಮಾಲಯದಲ್ಲಿ ದೊರೆತವೆಂದು ವರ್ಷಗಟ್ಟಲೆ ವರದಿ ಮಾಡುತ್ತ ಬಂದಿದ್ದ ಪಳೆಯುಳಿಕೆಗಳಲ್ಲಿ ಹಲವು ಅಲ್ಲಿಯವೇ ಅಲ್ಲ, ಮೊರಾಕ್ಕೊ, ನ್ಯೂಯಾರ್ಕ್‌ಗಳಂಥ ದೂರದ ನೆಲದವು ಎಂಬುದು ಅದರ ವಾದ. ಗುಪ್ತಾ ಆರೋಪವನ್ನು ನಿರಾಕರಿಸಿದರು. ಈ ಪ್ರಕರಣವನ್ನು ಸಾಮಾನ್ಯವಾಗಿ ಒಬ್ಬ ವ್ಯಕ್ತಿಯ ವಂಚನೆಯ ಕತೆಯಾಗಿ ಹೇಳಲಾಗುತ್ತದೆ. ಆದರೆ ಹೆಚ್ಚು ಕಲಿಯಬೇಕಾದದ್ದು ಆಮೇಲೆ ಆ ಪ್ರಬಂಧಗಳಿಗೆ ಏನಾಯಿತು ಎಂಬುದರಿಂದ. ವ್ಯಕ್ತಿಯ ತಪ್ಪನ್ನು ನಿರ್ಣಯಿಸುವುದು ಬೇರೆ, ಪ್ರಬಂಧವನ್ನು ಹಿಂತೆಗೆಯುವುದು ಬೇರೆ. ಇವೆರಡನ್ನು ಒಂದೇ ಕಡತದಲ್ಲಿ ಕಟ್ಟಿದ್ದರಿಂದ ಎರಡನೆಯದು ಕೈಬಿಟ್ಟುಹೋಯಿತು ಎಂಬುದು ನನ್ನ ನಿಲುವು.

ಮೊದಲು ಸಾಕ್ಷ್ಯದ ಸ್ವರೂಪ ನೋಡಬೇಕು. ಗುಪ್ತಾ ವರದಿ ಮಾಡಿದವುಗಳಲ್ಲಿ ಒಂದು ಬಗೆ ಕಾನೊಡಾಂಟ್; ಅದು ಹಲ್ಲಿನ ಆಕಾರದ ಸೂಕ್ಷ್ಮ ಪಳೆಯುಳಿಕೆ. ಬಹುತೇಕ ಒಂದು ಮಿಲಿಮೀಟರಿನ ಆಸುಪಾಸಿನದು. ಸುಣ್ಣಕಲ್ಲನ್ನು ದುರ್ಬಲ ಆಮ್ಲದಲ್ಲಿ ಕರಗಿಸಿ, ಉಳಿದ ಗಸಿಯನ್ನು ಜರಡಿ ಹಿಡಿದು, ಸೂಕ್ಷ್ಮದರ್ಶಕದಡಿ ಒಂದೊಂದನ್ನೇ ಆರಿಸಿ ಸ್ಲೈಡಿಗೆ ಏರಿಸುತ್ತಾರೆ. ಅಷ್ಟು ಹೊತ್ತಿಗೆ ಕಲ್ಲು ಕರಗಿಹೋಗಿರುತ್ತದೆ. ಇದು ಇಂಥ ಕಣಿವೆಯ ಇಂಥ ಪದರದ್ದು ಎಂದು ಹೇಳಲು ಓದುಗನ ಮುಂದೆ ಉಳಿಯುವುದು ಲೇಖಕ ಬರೆದ ಒಂದು ಸಾಲು ಮಾತ್ರ. ಪದರದ ವಯಸ್ಸು, ಆ ಕಾಲದಲ್ಲಿ ಸಮುದ್ರ ಎಲ್ಲಿತ್ತು, ಯಾವ ಭೂಖಂಡ ಯಾವುದರ ಪಕ್ಕದಲ್ಲಿತ್ತು ಎಂಬ ನಿರ್ಣಯಗಳೆಲ್ಲ ಆ ಸಾಲಿನ ಮೇಲೆ ನಿಂತಿರುತ್ತವೆ.

ತಿದ್ದುಪಡಿಗೂ ಹಿಂತೆಗೆತಕ್ಕೂ ಇರುವ ಗೆರೆ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಳತೆಯಲ್ಲಿ ಒಂದು ಅಂಕಿ ತಪ್ಪಿದ್ದರೆ, ಚಿತ್ರದ ಕೆಳಗಿನ ವಿವರಣೆ ಅದಲುಬದಲಾಗಿದ್ದರೆ, ನಮ್ಮ ಹಳೆಯ ಪುಸ್ತಕಗಳ ಒಪ್ಪೋಲೆಯಂಥದ್ದು ಸಾಕು. ದೊರೆತ ಜಾಗವೇ ಸುಳ್ಳಾದರೆ ಚಿತ್ರ ಎಷ್ಟೇ ನಿಜವಾಗಿದ್ದರೂ, ಪ್ರಭೇದವನ್ನು ಸರಿಯಾಗಿ ಗುರುತಿಸಿದ್ದರೂ, ಆ ಪ್ರಬಂಧದಲ್ಲಿ ತಿದ್ದಿ ಉಳಿಸಿಕೊಳ್ಳುವಂಥದ್ದು ಏನೂ ಇರುವುದಿಲ್ಲ.

ಗುಪ್ತಾ ಮುನ್ನೂರಕ್ಕೂ ಹೆಚ್ಚು ಬರಹಗಳನ್ನು ಪ್ರಕಟಿಸಿದ್ದರು. ಹಲವು ದೇಶಗಳ ವಿದ್ವಾಂಸರು ಅವುಗಳ ಸಹಲೇಖಕರು. ಅವರಲ್ಲಿ ಅನೇಕರು ಆ ಜಾಗಗಳನ್ನು ಕಣ್ಣಾರೆ ಕಂಡವರಲ್ಲ, ಕೈಗೆ ಬಂದ ಮಾದರಿಯನ್ನು ಗುರುತಿಸಿಕೊಟ್ಟವರು. ವಿಶ್ವವಿದ್ಯಾಲಯ ವಿಚಾರಣೆ ನಡೆಸಿ ತಪ್ಪು ಕಂಡಿತು. ಆದರೂ ಗುಪ್ತಾ ಸೇವೆಯಲ್ಲೇ ಮುಂದುವರಿದು 2002ರಲ್ಲಿ ನಿವೃತ್ತರಾದರು. ಇದರ ಬಗ್ಗೆ ಸಿಟ್ಟಿನ ಮಾತುಗಳು ಸಾಕಷ್ಟು ಬಂದಿವೆ, ಬರಬೇಕಾದವೇ. ಬಹುಪಾಲು ಪ್ರಬಂಧಗಳು ಹಿಂತೆಗೆತದ ಮುದ್ರೆಯೇ ಇಲ್ಲದೆ ಕಪಾಟಿನಲ್ಲಿ ಉಳಿದದ್ದರ ಬಗ್ಗೆ ಅಷ್ಟು ಸಿಟ್ಟು ಕಾಣುವುದಿಲ್ಲ. 1993ರಲ್ಲಿ ಟ್ಯಾಲೆಂಟ್ ಮತ್ತು ಇಬ್ಬರು ಸಹೋದ್ಯೋಗಿಗಳು ‘ಜರ್ನಲ್ ಆಫ್ ಪೇಲಿಯಂಟಾಲಜಿ’ಯಲ್ಲಿ ಗುಪ್ತಾರ ಕಾನೊಡಾಂಟ್ ಪ್ರಬಂಧಗಳನ್ನು ಪರಿಶೀಲಿಸಿ ಬರೆದರು. ಸಂಪಾದಕರು ಮಾಡಬೇಕಿದ್ದ ಕೆಲಸವನ್ನು ಹೀಗೆ ಓದುಗರು ಮಾಡಿದರು. ಆದರೆ ಆ ಪರಿಶೀಲನೆ ಮೂಲ ಪ್ರಬಂಧಕ್ಕೆ ಅಂಟಿಕೊಂಡಿಲ್ಲ. ಮೂಲವನ್ನಷ್ಟೇ ತೆರೆದವನಿಗೆ ಎಚ್ಚರಿಕೆ ಎಲ್ಲಿಂದ ಬರಬೇಕು?

ಆ ಕಾಲಕ್ಕೆ ಸಂಪಾದಕರಿಗೆ ಒಪ್ಪಿತವಾದ ನಡಾವಳಿ ಇರಲಿಲ್ಲ ಎನ್ನಬಹುದು. ಪ್ರಕಟಣಾ ನೀತಿಯ ಸಮಿತಿ ‘ಕೋಪ್’ ಬ್ರಿಟನ್‌ನಲ್ಲಿ ಹುಟ್ಟಿದ್ದು 1997ರಲ್ಲಿ. ಹಿಂತೆಗೆತದ ಮಾರ್ಗಸೂಚಿ ಬಂದದ್ದು 2009ರಲ್ಲಿ. ಹಿಂತೆಗೆತದ ಮುಖ್ಯ ಉದ್ದೇಶ ಸಾಹಿತ್ಯವನ್ನು ಸರಿಪಡಿಸುವುದೇ ಹೊರತು ಲೇಖಕರನ್ನು ದಂಡಿಸುವುದಲ್ಲ ಎಂದು ಆ ಮಾರ್ಗಸೂಚಿ ನೇರವಾಗಿ ಹೇಳುತ್ತದೆ. ಪ್ರಾಮಾಣಿಕ ತಪ್ಪಿನಿಂದಲೂ ಪ್ರಬಂಧ ಹಿಂತೆಗೆಯಬೇಕಾಗಬಹುದು ಎಂಬುದು ಅದರಲ್ಲೇ ಅಡಕವಾಗಿದೆ. ರಸಾಯನವಿಜ್ಞಾನದ ನೊಬೆಲ್ ಪಡೆದ ಫ್ರಾನ್ಸಿಸ್ ಅರ್ನಾಲ್ಡ್ 2019ರಲ್ಲಿ ‘ಸೈನ್ಸ್’ನಲ್ಲಿ ಪ್ರಕಟವಾದ ತಮ್ಮ ತಂಡದ ಪ್ರಬಂಧವನ್ನು 2020ರ ಜನವರಿಯಲ್ಲಿ ಹಿಂತೆಗೆದು, ಫಲಿತಾಂಶ ಮತ್ತೆ ದೊರೆಯಲಿಲ್ಲವೆಂದು ತಾವೇ ಸಾರ್ವಜನಿಕವಾಗಿ ಹೇಳಿದರು. ಅವರ ಮರ್ಯಾದೆ ಅದರಿಂದ ಕುಗ್ಗಲಿಲ್ಲ. ನೊಬೆಲ್ ಇದ್ದವರಿಗೆ ಅದು ಸುಲಭ ಎಂಬ ಆಕ್ಷೇಪವನ್ನೂ ತಳ್ಳಿಹಾಕಲಾಗದು.

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ 2020ರಲ್ಲಿ ‘ನೇಚರ್ ಕೆಮಿಕಲ್ ಬಯಾಲಜಿ’ಗೆ ಹೋದ ಒಂದು ಪ್ರಬಂಧದ ಗತಿ ಬೇರೆ. ಅದರ ಚಿತ್ರಗಳ ಬಗ್ಗೆ ಓದುಗರು ಸಂದೇಹ ಎತ್ತಿದರು, ಸಂಸ್ಥೆ ಪರಿಶೀಲಿಸಿತು, 2021ರ ಮಧ್ಯದ ಹೊತ್ತಿಗೆ ಪ್ರಬಂಧ ಹಿಂತೆಗೆತವಾಯಿತು. ಒಂದು ವರ್ಷವೂ ಹಿಡಿಯಲಿಲ್ಲ. ಚಂಡೀಗಢದ ಪ್ರಕರಣದ ಪಕ್ಕದಲ್ಲಿಟ್ಟರೆ ಇದು ದೊಡ್ಡ ಬದಲಾವಣೆಯೇ.

ಆದರೂ ಹಳೆಯ ಗಂಟು ಬೇರೆ ಕಡೆ ಬಿಗಿಯುತ್ತಿದೆ. ಹಿಂತೆಗೆದ ಪ್ರಬಂಧಗಳಿಗೆ ಭಾರತದ ಉನ್ನತ ಶಿಕ್ಷಣ ಸಂಸ್ಥೆಗಳ ಎನ್‌ಐಆರ್‌ಎಫ್ ಶ್ರೇಯಾಂಕದಲ್ಲಿ ಅಂಕ ಕಳೆಯುವ ಕ್ರಮ 2025ರಲ್ಲಿ ಘೋಷಣೆಯಾಯಿತು. ಹಣ ಕೊಟ್ಟು ಪ್ರಬಂಧ ಬರೆಸುವ ದಂಧೆಗೆ ಲಗಾಮು ಬೇಕು, ನಿಜ. ಆದರೆ ತನ್ನ ಪ್ರಯೋಗದಲ್ಲಿ ತಪ್ಪು ಕಂಡ ಅಧ್ಯಾಪಕ ಸಂಪಾದಕರಿಗೆ ಪತ್ರ ಬರೆಯುವ ಮುನ್ನ ಕುಲಪತಿಯ ಮುಖ ನೆನೆಯುವಂತಾದರೆ, ತಪ್ಪು ಮುಚ್ಚಿಡುವುದೇ ಸಂಸ್ಥೆಗೆ ಲಾಭ. ವಂಚನೆ, ಪ್ರಾಮಾಣಿಕ ತಪ್ಪು ಎರಡನ್ನೂ ಬೇರ್ಪಡಿಸಲು ಹೊಸ ಸಾಧನವೇನೂ ಬೇಕಿಲ್ಲ. 2023ರಲ್ಲಿ ಪ್ರಬಂಧಗಳ ಮಾಹಿತಿ ನೋಂದಾಯಿಸುವ ಸಂಸ್ಥೆ ಕ್ರಾಸ್‌ರೆಫ್ ಕೊಂಡು ಎಲ್ಲರಿಗೂ ತೆರೆದಿಟ್ಟ ‘ರಿಟ್ರ್ಯಾಕ್ಷನ್ ವಾಚ್’ ದತ್ತಸಂಚಯದಲ್ಲಿ ಪ್ರತಿ ಹಿಂತೆಗೆತದ ಎದುರಿಗೂ ಕಾರಣದ ಕಾಲಂ ಇದೆ; ಅಂಕ ಕಳೆಯುವವರು ಅದನ್ನು ಓದಿ ಕಳೆಯಬಹುದು.